ಒಂಬತ್ತು ರಾತ್ರಿಗಳ ನಾದವೂ ನಮ್ಮ ಕಿವಿಗಳೂ

ಶರನ್ನವರಾತ್ರಿ ಬಂದಿತೆಂದರೆ ಊರಿನಲ್ಲಿ ಬೊಂಬೆಗಳನ್ನು ಜೋಡಿಸಿ, ಸಂಜೆ ಆರತಿ ಬೆಳಗಿ, ಮಕ್ಕಳಿಗೆ ಚರಪು ಹಂಚಿ, ಒಂಬತ್ತು ಗಂಟೆಗೆಲ್ಲ ಮಲಗುತ್ತಿದ್ದವರು ನಾವು. ನರೋಡಾದಲ್ಲಿ ನೆಲೆಸಿದ ಮೇಲೆ ಅದೇ ಒಂಬತ್ತು ಗಂಟೆಗೆ ಸಿಂಗರಿಸಿಕೊಂಡು ಮನೆಯಿಂದ ಹೊರಡುವವರಾಗಿದ್ದೇವೆ. ನಾಡಿಗೆ ತಕ್ಕ ನಡೆ, ಅದರಲ್ಲಿ ತಪ್ಪೇನಿಲ್ಲ.

ತೂತುಗಳುಳ್ಳ ಮಣ್ಣಿನ ಗಡಿಗೆಯೊಳಗೆ ದೀಪವನ್ನಿರಿಸಿ ಅದರ ಸುತ್ತ ಚಪ್ಪಾಳೆ ತಟ್ಟುತ್ತ ಕುಣಿಯುವ ಗರ್ಬಾ ನೃತ್ಯಕ್ಕೆ 'ಗರ್ಭ' ಶಬ್ದದಿಂದಲೇ ಆ ಹೆಸರು ಬಂದಿದೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಾಡುವವರ ಕಂಠ ಹಾಗೂ ಢೋಲಿನ ನಾದಗಳಿಂದ ನಡೆಯುತ್ತಿದ್ದ ಈ ಆರಾಧನೆಗೆ ಇಂದು ಪಾರ್ಟಿ ಪ್ಲಾಟುಗಳಲ್ಲಿ ಸಿಂಥಸೈಸರ್, ಡಿ.ಜೆ., ಎರಡಾಳೆತ್ತರಕ್ಕೆ ಪೇರಿಸಿದ ಧ್ವನಿವರ್ಧಕಗಳು ಒದಗಿವೆ. ಗೋವೆಯ ಕಡಲತೀರದಲ್ಲಿ 2007ರಲ್ಲಿ ಆರಂಭವಾದ ಸನ್‌ಬರ್ನ್ ಎಂಬ ವಿದ್ಯುನ್ಮಾನ ಸಂಗೀತದ ಕೂಟಕ್ಕೂ ಇಲ್ಲಿನ ಕೆಲವು ಮೈದಾನಗಳಿಗೂ ಈಗ ದೇವಿಯ ಪಟವೊಂದೇ ಭೇದವೆಂದು ನನಗೆ ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಅಂತಹ ಒಂದು ಮೈದಾನದಲ್ಲಿ ನಮಗೆ ದೊರೆತ ಕುರ್ಚಿಗಳು ಧ್ವನಿವರ್ಧಕದಿಂದ ಎರಡೇ ಮಾರು ದೂರದಲ್ಲಿದ್ದವು. ಮಗಳು ಅಲ್ಲಿಯೇ ಗೆಳತಿಯರೊಡನೆ ಕುಣಿದಳು. ಎದೆಗೂಡು ತಮಟೆಯಂತೆ ಅದುರುತ್ತಿದ್ದುದನ್ನು ನಾವು ಉತ್ಸಾಹವೆಂದೇ ಎಣಿಸಿದೆವು. ಹನ್ನೆರಡಕ್ಕೆ ಧ್ವನಿವರ್ಧಕ ನಿಂತಿತು. ಕಿವಿಯೊಳಗಿನ ಸದ್ದು ನಿಲ್ಲಲಿಲ್ಲ. ಮರುದಿನ ಬ್ಯಾಂಕಿನಲ್ಲಿ ಗ್ರಾಹಕರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ನನ್ನದು ಮೂರು ದಿನಗಳಲ್ಲಿ ಸರಿಹೋಯಿತು. ಮಗಳಾದರೋ ಒಂಬತ್ತು ರಾತ್ರಿಯೂ ಹೋದವಳು, ವಿಜಯದಶಮಿಯ ದಿನ ತಾಯಿಯೊಡನೆ, "ಅಮ್ಮಾ, ಬಲಗಿವಿಯಲ್ಲಿ ಕುಕ್ಕರ್ ಕೂಗಿದ ಹಾಗೆ ಕೂಗುತ್ತಲೇ ಇದೆ" ಎಂದಳು.

ಕಿವಿ-ಮೂಗು-ಗಂಟಲಿನ ತಜ್ಞರು ಶ್ರವಣಪರೀಕ್ಷೆ ಮಾಡಿಸಿ, ರೇಖಾಚಿತ್ರದಲ್ಲಿ 4000 ಹರ್ಟ್ಸ್ ಬಳಿ ಬಿದ್ದಿದ್ದ ತಗ್ಗನ್ನು ತೋರಿಸಿದರು. ಅತಿಶಬ್ದದ ಗುರುತು ಅದು. ಬಸವನಹುಳುವಿನ ಚಿಪ್ಪಿನಾಕಾರದ ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಶಬ್ದದ ಅಲೆಗೆ ಬಾಗಿ, ಆ ಚಲನೆಯನ್ನು ನರಕ್ಕೆ ವಿದ್ಯುತ್ ಸಂಕೇತವಾಗಿ ಒಪ್ಪಿಸುವುದು ಅವುಗಳ ಕೆಲಸ. ಬಳಲಿದ ಕೋಶ ಚೇತರಿಸಿಕೊಳ್ಳಬಹುದು. ಸತ್ತದ್ದು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ನಷ್ಟವಾಗುವುದು ಎತ್ತರದ ಸ್ವರಗಳಾದ್ದರಿಂದ ಮಾತು ಕೇಳಿಸುತ್ತದೆ, ಆದರೆ 'ಸ' 'ಶ'ಗಳು ಮಸುಕಾಗಿ ಅರ್ಥ ತಪ್ಪುತ್ತದೆ.

ವಾಣಿಜ್ಯ ಓದಿದ ನನಗೆ ವೈದ್ಯರ ಮುಂದಿನ ಮಾತು ಸುಲಭವಾಗಿ ತಿಳಿಯಿತು. ಡೆಸಿಬೆಲ್ ಎಂಬುದು ಸರಳಬಡ್ಡಿಯಲ್ಲ, ಚಕ್ರಬಡ್ಡಿ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಕಿವಿ ತಾಳುವ ಅವಧಿ ಅರ್ಧವಾಗುತ್ತದೆ. ಅಮೆರಿಕೆಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದಿನಕ್ಕೆ 85 ಡೆಸಿಬೆಲ್ ಎಂಟು ಗಂಟೆ ಸಹ್ಯ. 94ಕ್ಕೆ ಒಂದು ಗಂಟೆ. 100ಕ್ಕೆ ಕೇವಲ ಹದಿನೈದು ನಿಮಿಷ! ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತಕೂಟಗಳಿಗೆ ವಿಧಿಸಿದ ಗರಿಷ್ಠ ಸರಾಸರಿಯೂ 100 ಡೆಸಿಬೆಲ್ಲೇ; ಜೊತೆಗೆ ಕಿವಿಬೆಣೆ ಒದಗಿಸಬೇಕು, ವಿಶ್ರಾಂತಿಗೆ ಶಾಂತಸ್ಥಳವಿರಬೇಕು ಎಂದೂ ಹೇಳಿತು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಎನ್ನುತ್ತವೆ. ಹತ್ತರಿಂದ ಹನ್ನೆರಡರವರೆಗೆ ಧ್ವನಿವರ್ಧಕಕ್ಕೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ವಿನಾಯಿತಿ ಗಡಿಯಾರಕ್ಕೆ ದೊರೆಯುತ್ತದೆಯೇ ಹೊರತು ಕಿವಿಗೆ ದೊರೆಯುವುದಿಲ್ಲ.

ಗಿರಣಿಯ ಮಗ್ಗಗಳ ನಡುವೆ ಆಯುಷ್ಯ ಸವೆಸಿದ ಹಿರಿಯರು ಪಿಂಚಣಿಗಾಗಿ ನಮ್ಮ ಕೌಂಟರಿಗೆ ಬರುತ್ತಾರೆ. ಅವರೊಡನೆ ಗಟ್ಟಿಯಾಗಿ ಕೂಗಿಯೇ ಮಾತನಾಡಬೇಕು. ಅವರು ಸಂಬಳಕ್ಕಾಗಿ ಕಿವಿಯನ್ನು ತೆತ್ತರು. ನಾವು ಪಾಸು ಕೊಂಡು ತೆರುತ್ತಿದ್ದೇವೆ.

ಹಾಗೆಂದು ಗರ್ಬಾ ಬಿಡಬೇಕೆಂದು ವೈದ್ಯರು ಹೇಳಲಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಿಂದ ಹದಿನಾರು ಮೀಟರಿಗೆ ಸರಿದರೆ ಹದಿನೆಂಟು ಕಡಿಮೆ. ಸುತ್ತಲೂ ಧ್ವನಿವರ್ಧಕಗಳಿದ್ದರೆ ಈ ಲೆಕ್ಕ ಇಷ್ಟು ಸರಳವಲ್ಲವೆಂಬುದೂ ನಿಜ. ನಮ್ಮಾಕೆ ನಂಬಿದ್ದ ಹತ್ತಿ ಹೆಚ್ಚು ಪ್ರಯೋಜನಕ್ಕೆ ಬಾರದು. ಔಷಧದಂಗಡಿಯ ಫೋಮಿನ ಬೆಣೆಯನ್ನು ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಸೇರಿಸಬೇಕು. ಗಂಟೆಗೊಮ್ಮೆ ಹೊರಬಂದು ಕುಳಿತರೆ ಕಿವಿಗೆ ವಿರಾಮ ದೊರೆಯುತ್ತದೆ. ಹಸುಳೆಗಳನ್ನು ಕರೆದೊಯ್ಯದಿರುವುದೇ ಲೇಸು. ಒಂದು ಕಿವಿ ಹಠಾತ್ತನೆ ಮಂದವಾದರೆ ಮಾತ್ರ ಹಬ್ಬ ಮುಗಿಯಲೆಂದು ಕಾಯದೆ ಮರುದಿನವೇ ವೈದ್ಯರಲ್ಲಿಗೆ ಹೋಗಬೇಕು. ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. (2023ರಲ್ಲಿ ಗರ್ಬಾ ಆಡುತ್ತಲೇ ಹೃದಯಾಘಾತಕ್ಕೆ ಗುರಿಯಾದವರ ವಾರ್ತೆಗಳನ್ನು ವಾಚಕರು ಓದಿರಬಹುದು. ಅದು ಹೃದ್ರೋಗತಜ್ಞರು ಬರೆಯಬೇಕಾದ ಲೇಖನ.)

ಮಗಳ ಬಲಗಿವಿಯ ಕೂಗು ತಗ್ಗಿದೆ, ಹೋಗಿಲ್ಲ. ರಾತ್ರಿ ಫ್ಯಾನಿನ ಸದ್ದಿಲ್ಲದೆ ಅವಳಿಗೆ ನಿದ್ರೆ ಬಾರದು. ಕಳೆದ ನವರಾತ್ರಿಯಲ್ಲಿ ಝುಮಕಿಯ ಹಿಂದೆ ಬೆಣೆಗಳನ್ನು ಮರೆಮಾಡಿಕೊಂಡು ಹೊರಸುತ್ತಿನಲ್ಲಿ ಕುಣಿದು ಬಂದಳು. ಈ ಸಲ ಪಕ್ಕದವರ ಚಪ್ಪಾಳೆಯೂ ಕೇಳಿಸಿತೆಂದು ಹೇಳಿ, ಉಳಿದ ಒಂದು ಜೊತೆ ಬೆಣೆಯನ್ನು ಗೆಳತಿಗೆ ಕೊಡಲು ಎತ್ತಿಟ್ಟಳು.