ಉಪ್ಪಿನ ಗದ್ದೆಯೂ ಕಾಯಿದೆಯೂ

ನಮ್ಮ ಆಂಟಾಪ್ ಹಿಲ್ಲಿನ ಮೂಡಲಿಗೆ ವಡಾಳೆಯ ಉಪ್ಪಿನ ಗದ್ದೆಗಳಿವೆ. ಅವುಗಳ ಆಚೆ ಖಾಡಿಯ ಕೆಸರಿನಲ್ಲಿ ಬೇರೂರಿದ ಕಾಂಡ್ಲಾವನವಿದೆ. ಇನ್ನೂ ಆಚೆ, 1950ರ ದಶಕದಲ್ಲಿ ತಲೆಯೆತ್ತಿದ ಚೆಂಬೂರಿನ ತೈಲಶುದ್ಧಿ ಕಾರ್ಖಾನೆಗಳಿವೆ. ಉಪ್ಪು, ಮರ, ಎಣ್ಣೆ ಈ ಮೂರೂ ಒಂದೇ ನೋಟಕ್ಕೆ ಸಿಕ್ಕುವ ಈ ಎಡೆಯಲ್ಲಿ ಕಲಿಯುವ ಮಕ್ಕಳಿಗೆ, ನಮ್ಮ ದೇಶದ ಪರಿಸರ ಕಾಯಿದೆಗಳ ವಿಚಾರವು ದೂರದ ಮಾತಲ್ಲ.

ಇಷ್ಟು ಇಕ್ಕಟ್ಟಿನ ಊರಿನಲ್ಲಿ ಬರಿದಾಗಿ ಬಿದ್ದಿರುವ ಉಪ್ಪಿನ ಗದ್ದೆಯನ್ನು ತುಂಬಿ ಮನೆಗಳನ್ನು ಕಟ್ಟಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಆ ತಗ್ಗು ನೆಲವು ಬರಿದಾಗಿರುವುದಿಲ್ಲ. ಭರತದ ನೀರಿಗೂ ಮಳೆಯ ನೀರಿಗೂ ಅದೇ ತಂಗುದಾಣ. ಕಾಂಡ್ಲಾಗಿಡಗಳ ಉಸಿರುಬೇರುಗಳು ಅಲೆಯ ರಭಸವನ್ನು ತಗ್ಗಿಸಿ ಮಣ್ಣನ್ನು ಹಿಡಿದಿಡುತ್ತವೆ. ಅವುಗಳ ಕೆಳಗಿನ ಕೆಸರು ಅಂಗಾರವನ್ನು ಬಹುಕಾಲ ತನ್ನೊಳಗೆ ಹುದುಗಿಸಿಟ್ಟುಕೊಳ್ಳುತ್ತದೆ. 2005ನೆಯ ಇಸವಿ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಾಗ, ಮೀಠಿ ನದಿಯ ನೀರು ಹರಿಯಲು ದಾರಿ ಕಾಣದೆ ಮನೆಗಳನ್ನು ಹೊಕ್ಕಿತು. ನೂರಾರು ಜನರು ಪ್ರಾಣ ಕಳೆದುಕೊಂಡರು. ನೀರಿನ ತಾವನ್ನು ನಾವು ಕಸಿದುಕೊಂಡರೆ ನೀರು ನಮ್ಮ ತಾವನ್ನು ಹುಡುಕಿಕೊಂಡು ಬರುತ್ತದೆ.

ಇಂತಹ ಹಾನಿಯನ್ನು ತಡೆಯಲು ಕಾಯಿದೆಗಳು ಹುಟ್ಟಿದುದು ಹೇಗೆಂಬುದನ್ನು ನೋಡೋಣ. ಮುಂಬಯಿಯಲ್ಲಿ ಹೊಗೆಯ ಉಪದ್ರವವನ್ನು ಕುರಿತ ಶಾಸನವು 1912ರಲ್ಲಿಯೇ ಬಂದಿತ್ತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಜಾಗತಿಕ ಸಮ್ಮೇಳನದ ತರುವಾಯ ಭಾರತದಲ್ಲಿ 1974ರ ಜಲ ಕಾಯಿದೆ, 1981ರ ವಾಯು ಕಾಯಿದೆ ಹುಟ್ಟಿದವು. ನಡುವೆ 1976ರಲ್ಲಿ ಸಂವಿಧಾನಕ್ಕೆ ಎರಡು ಮಾತುಗಳು ಸೇರಿದವು: ಪರಿಸರವನ್ನು ಕಾಪಾಡಲು ರಾಜ್ಯವು ಯತ್ನಿಸತಕ್ಕದ್ದು ಎಂಬುದೊಂದು; ಅದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೂ ಹೌದು ಎಂಬುದು ಇನ್ನೊಂದು. 1984ರಲ್ಲಿ ಭೋಪಾಲದ ವಿಷಾನಿಲ ದುರಂತವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಬಳಿಕ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ, ಅದರ ಆಧಾರದ ಮೇಲೆ 1991ರಲ್ಲಿ ಕಡಲತೀರದ ಕಟ್ಟಡಗಳನ್ನು ನಿಯಂತ್ರಿಸುವ ಅಧಿಸೂಚನೆಯೂ ಹೊರಬಿದ್ದವು. ನಮ್ಮಲ್ಲಿ ಕಾಯಿದೆಯು ಅನೇಕ ವೇಳೆ ಆಪತ್ತಿನ ಬೆನ್ನಹಿಂದೆ ನಡೆದು ಬಂದಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಕಾಂಡ್ಲಾವನದ ಪಾಲಿಗೆ ಮುಖ್ಯವಾದುದು ಮುಂಬಯಿ ಉಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪು. ಕಾಂಡ್ಲಾವನ್ನು ನಾಶಮಾಡುವುದು ಪ್ರಜೆಗಳ ಜೀವಿಸುವ ಹಕ್ಕಿಗೇ ಭಂಗ ತರುವ ಕೃತ್ಯವೆಂದು ಅದು ಸಾರಿತು. ವನದ ಸುತ್ತಲಿನ 50 ಮೀಟರ್ ನೆಲದಲ್ಲಿಯೂ ಕಟ್ಟಡ ಕೂಡದೆಂದಿತು. ಹಾಗೆಂದು ಬಾಗಿಲು ಪೂರ್ತಿಯಾಗಿ ಮುಚ್ಚಲಿಲ್ಲ. ಸಾರ್ವಜನಿಕ ಹಿತಕ್ಕೆ ಅನಿವಾರ್ಯವಾದರೆ ನ್ಯಾಯಾಲಯದ ಅನುಮತಿ ಪಡೆಯಬಹುದು. 2022ರ ಡಿಸೆಂಬರಿನಲ್ಲಿ ಅಹಮದಾಬಾದಿಗೆ ಹೋಗುವ ವೇಗದ ರೈಲಿನ ಸಲುವಾಗಿ ಸುಮಾರು 22 ಸಾವಿರ ಗಿಡಗಳನ್ನು ಕಡಿಯಲು ಅಂತಹ ಅನುಮತಿ ದೊರೆಯಿತು. 2024ರಲ್ಲಿ ಧಾರಾವಿಯ ಪುನರ್ವಸತಿಗೆಂದು ಮುಂಬಯಿಯ ಮೂಡಣ ಉಪನಗರಗಳಲ್ಲಿ ಸುಮಾರು 256 ಎಕರೆ ಉಪ್ಪಿನ ನೆಲವನ್ನು ಕೊಡಲು ರಾಜ್ಯ ಸರಕಾರವು ನಿರ್ಧರಿಸಿತು. ಬಡವನಿಗೆ ಸೂರೂ ಬೇಕು; ಆ ಸೂರು ನೀರಿನಲ್ಲಿ ನಿಲ್ಲದಿರಲೂ ಬೇಕು. ಈ ಎರಡನ್ನೂ ತೂಗುವುದೇ ಇಂದಿನ ಕಷ್ಟ.

ಇದೇ ತೂಕವನ್ನು ಇಡೀ ದೇಶವೂ ಎದುರಿಸಿದೆ. ಭಾರತವು ಹೊರಹಾಕುವ ಅಂಗಾರಾಮ್ಲದ ಒಟ್ಟು ಮೊತ್ತ ಜಗತ್ತಿನಲ್ಲಿ ಮೂರನೆಯದು. ತಲಾ ಲೆಕ್ಕ ಹಾಕಿದರೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಕಾರ್ಖಾನೆಗಳು ಬೇಡವೆನ್ನಲು ನಮ್ಮಿಂದಾಗದು. ಕಾರ್ಖಾನೆ, ಗೋದಿ, ಹೋಟೆಲುಗಳಲ್ಲಿ ದುಡಿಯಲೆಂದೇ ನಮ್ಮ ಕನ್ನಡದ ಮನೆಗಳು ಈ ಊರಿಗೆ ಬಂದವು. ಆದಕಾರಣ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವುದಾಗಿ ಮಾತು ಕೊಟ್ಟಿತು. ಮುಂಬಯಿಯು 2022ರ ಮಾರ್ಚಿನಲ್ಲಿ ಪ್ರಕಟಿಸಿದ ತನ್ನ ಯೋಜನೆಯಲ್ಲಿ 2050ನ್ನೇ ಗುರಿಯಾಗಿ ಇಟ್ಟುಕೊಂಡಿತು. ಹವೆಯ ಮಾರ್ಪಾಡಿನ ಕೇಡಿನಿಂದ ಮುಕ್ತವಾಗಿರುವುದೂ ಪ್ರಜೆಯ ಹಕ್ಕೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಕಾಯಿದೆಯು ಕಾಗದದ ಮೇಲಿದ್ದರೆ ಸಾಲದು. ರಾತ್ರಿಯ ಹೊತ್ತು ಲಾರಿಗಳು ಬಂದು ಖಾಡಿಗೆ ಮಣ್ಣು ಸುರಿದರೆ ಮೊದಲು ಕಾಣುವವರು ನ್ಯಾಯಾಧೀಶರಲ್ಲ, ನೆರೆಮನೆಯವರು. ಪ್ರಜೆಗಳು ದೂರು ಕೊಡಲು ಅನುಕೂಲವಾದ ವ್ಯವಸ್ಥೆಯನ್ನು ಏರ್ಪಡಿಸಬೇಕೆಂದು 2018ರ ತೀರ್ಪು ಆಜ್ಞೆ ಮಾಡಿರುವುದು ಇದರಿಂದಲೇ. ದಿನಾಂಕ, ಸ್ಥಳ, ಕಂಡ ಸಂಗತಿ ಇಷ್ಟನ್ನು ಉತ್ಪ್ರೇಕ್ಷೆಯಿಲ್ಲದೆ ಬರೆದ ಅರ್ಜಿಗೆ ಬೆಲೆಯುಂಟು. ಪತ್ರಲೇಖನವನ್ನು ಪರೀಕ್ಷೆಯ ಐದು ಅಂಕಗಳಿಗೆಂದು ಮಾತ್ರ ಕಲಿಯಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದು ಈ ಕಾರಣದಿಂದಲೇ.