ಗುರಿಗೆ ತಕ್ಕ ರಿವಾಲ್ವರ್: ಶೂಟಿಂಗ್ ಕ್ರೀಡೆಗೆ ಆಯುಧ, ಸಲಕರಣೆ ಆರಿಸುವ ಬಗೆ

ಗುರಿ ಹೊಡೆಯುವ ಆಟ ನಮ್ಮ ನಾಡಿಗೆ ಹೊಸದಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಇಂದಿಗೂ ಕಾಣಬಹುದು. ಆದರೆ ಪಿಸ್ತೂಲು, ರಿವಾಲ್ವರ್ ಹಿಡಿದು ಕಾಗದದ ಗುರಿಗೆ ಹೊಡೆಯುವ ಕ್ರೀಡೆಯ ಬಗ್ಗೆ ಮನೆಮನೆಯಲ್ಲಿ ಮಾತು ಶುರುವಾದದ್ದು ಇತ್ತೀಚೆಗೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು ಕಂಚನ್ನೂ, ಸರಬ್ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದಲ್ಲಿ ಇನ್ನೊಂದು ಕಂಚನ್ನೂ ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದವರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರ ಬಾಕು ವಿಶ್ವ ಕಪ್‌ನಲ್ಲಿ ಸರಬ್ಜೋತ್ ಜೊತೆ ಚಿನ್ನ ಗಳಿಸಿದರು.

ಇಂಥ ಸುದ್ದಿ ಕೇಳಿದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ನಾವೂ ಕಲಿಯಬೇಕು, ಯಾವ ಪಿಸ್ತೂಲು ಕೊಳ್ಳೋಣ?" ಪ್ರಶ್ನೆ ಸಣ್ಣದಲ್ಲ. ಸ್ಪರ್ಧೆಗೆ ಯೋಗ್ಯವಾದ ವಿದೇಶಿ ಏರ್ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ರಿವಾಲ್ವರ್ ಆದರೆ ಹಣದ ಜೊತೆಗೆ ಪರವಾನಗಿಯ ಹೊಣೆಯೂ ಮೈಮೇಲೆ ಬರುತ್ತದೆ. ತಪ್ಪು ಆಯ್ಕೆಯಿಂದ ಸಾಲ ಉಳಿಯುತ್ತದೆ, ಅಂಕ ಏರುವುದಿಲ್ಲ. ಎಚ್ಚರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ವಿಷಯವನ್ನು ಬುಡದಿಂದ ನೋಡೋಣ.

ಮೊದಲು ಸ್ಪರ್ಧೆ, ಆಮೇಲೆ ಆಯುಧ

ಅಂಗಡಿಗೆ ಹೋಗುವ ಮುನ್ನ ಯಾವ ಸ್ಪರ್ಧೆಗೆ ಇಳಿಯುತ್ತೀರಿ ಎಂಬುದು ನಿಶ್ಚಯವಾಗಿರಬೇಕು. ಪಿಸ್ತೂಲ್ ವಿಭಾಗದಲ್ಲಿ ಹಲವು ಬಗೆಗಳಿವೆ. 10 ಮೀಟರ್ ಸ್ಪರ್ಧೆಗೆ 4.5 ಮಿ.ಮೀ. ಗುಳಿಗೆ ಹಾರಿಸುವ ಏರ್ ಪಿಸ್ತೂಲು. 25 ಮೀಟರಿನ ಮಹಿಳೆಯರ ಪಿಸ್ತೂಲ್ ಹಾಗೂ ಪುರುಷರ ರ‍್ಯಾಪಿಡ್ ಫೈರ್ ಸ್ಪರ್ಧೆಗಳಿಗೆ .22 ಅಳತೆಯ ಪಿಸ್ತೂಲು. ರಿವಾಲ್ವರಿಗೆ ನಿಜವಾದ ಸ್ಥಾನವಿರುವುದು 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ. ಇದು ಒಲಿಂಪಿಕ್ಸ್‌ನಲ್ಲಿ ಇಲ್ಲ; ಆದರೆ ನಮ್ಮ ದೇಶಕ್ಕೆ ಕೀರ್ತಿ ತಂದ ಸ್ಪರ್ಧೆ. ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಇದರಲ್ಲೇ ಚಿನ್ನ ಗೆದ್ದರು. 2006ರಲ್ಲಿ ದೋಹಾದಲ್ಲಿ 600ಕ್ಕೆ 590 ಅಂಕ ಗಳಿಸಿ ವಿಶ್ವ ದಾಖಲೆಯನ್ನು ಸರಿಗಟ್ಟಿದರು. ಮನು ಭಾಕರ್ ಅವರಿಗೆ ಗುರುವಾದವರೂ ಇವರೇ.

ಸೆಂಟರ್ ಫೈರ್‌ನಲ್ಲಿ 60 ಹೊಡೆತಗಳು. ಮೊದಲ 30 ನಿಧಾನದ ಹಂತ. ಐದು ಗುಂಡಿಗೆ ಐದು ನಿಮಿಷ. ಮುಂದಿನ 30 ವೇಗದ ಹಂತ. ಗುರಿ ಮೂರು ಸೆಕೆಂಡು ಮುಖ ತೋರಿಸುತ್ತದೆ, ಏಳು ಸೆಕೆಂಡು ಮರೆಯಾಗುತ್ತದೆ. ಒಮ್ಮೆ ಮುಖ ತೋರಿಸಿದಾಗ ಒಂದೇ ಗುಂಡು. ರಿವಾಲ್ವರ್ ಹಿಡಿದವರಿಗೆ ಆ ಏಳು ಸೆಕೆಂಡು ವರದಾನ. ತೋಳು ಕೆಳಗಿಳಿಸಿದಾಗಲೇ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆಳೆದು ಸಿದ್ಧವಾಗಬಹುದು. ಹೀಗಾಗಿ "ರಿವಾಲ್ವರ್ ನಿಧಾನ" ಎಂಬ ಮಾತು ಈ ಸ್ಪರ್ಧೆಗೆ ಅಷ್ಟಾಗಿ ಅನ್ವಯಿಸದು. ಹಾಗಿದ್ದರೂ ಅಗ್ರಶ್ರೇಣಿಯವರು ಹೆಚ್ಚಾಗಿ .32 ಅಳತೆಯ ಸ್ವಯಂಚಾಲಿತ ಪಿಸ್ತೂಲನ್ನೇ ಹಿಡಿಯುತ್ತಾರೆ ಎಂಬುದೂ ನಿಜ.

ನಳಿಗೆಯ ಉದ್ದಕ್ಕೆ ಏಕೆ ಅಷ್ಟು ಬೆಲೆ?

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಂತೆ ಈ ಸ್ಪರ್ಧೆಯ ಆಯುಧದ ನಳಿಗೆ 153 ಮಿ.ಮೀ. ಮೀರಬಾರದು. ಆರು ಅಂಗುಲವೆಂದರೆ 152.4 ಮಿ.ಮೀ.; ಅಂದರೆ ಆರು ಅಂಗುಲದ ನಳಿಗೆ ಸರಿಯಾಗಿ ಒಳಗೆ ಕೂರುತ್ತದೆ. ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆಯನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನ ಸೈಟ್ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರ 220 ಮಿ.ಮೀ. ವರೆಗೆ ಇರಬಹುದು. ತೂಕ 1,400 ಗ್ರಾಂ ಒಳಗಿರಬೇಕು.

ಸೈಟ್‌ಗಳ ಅಂತರ ಹೆಚ್ಚಿದಷ್ಟೂ ಲಾಭವೇನು? ಲೆಕ್ಕ ಸರಳ. ಎರಡು ಸೈಟ್‌ಗಳ ನಡುವೆ 220 ಮಿ.ಮೀ. ಇದೆ ಎನ್ನಿ. ಮುಂದಿನ ಸೈಟ್ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 57 ಮಿ.ಮೀ. ಆಚೆ ಬೀಳುತ್ತದೆ. ನಿಧಾನದ ಹಂತದ ಗುರಿಯಲ್ಲಿ ಹತ್ತಂಕದ ವೃತ್ತದ ಅಡ್ಡಳತೆ 50 ಮಿ.ಮೀ. ಮಾತ್ರ. ಹತ್ತು ಸಿಗಬೇಕಾದಲ್ಲಿ ಎಂಟು ಸಿಗುತ್ತದೆ. ಸೈಟ್ ಅಂತರ ಇದರ ಅರ್ಧದಷ್ಟಿರುವ ಗಿಡ್ಡ ರಿವಾಲ್ವರಿನಲ್ಲಿ ಅದೇ ಅರ್ಧ ಮಿ.ಮೀ. ತಪ್ಪು 114 ಮಿ.ಮೀ. ಆಗುತ್ತದೆ, ಅಂಕ ಆರಕ್ಕೆ ಇಳಿಯುತ್ತದೆ. ಇದಕ್ಕೆ ಹೋಲಿಸಿದರೆ ಕೈ ಅಲುಗಾಟ ಅಷ್ಟು ಅಪಾಯವಲ್ಲ. ಸೈಟ್‌ಗಳ ಸಾಲು ಕೆಡದೆ ಇಡೀ ಆಯುಧ ಐದು ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಐದು ಮಿ.ಮೀ. ಅಷ್ಟೇ ಸರಿಯುತ್ತದೆ. "ಗುರಿಯನ್ನಲ್ಲ, ಮುಂದಿನ ಸೈಟನ್ನು ನೋಡಿ" ಎಂದು ತರಬೇತುದಾರರು ಹೇಳುವುದು ಇದಕ್ಕೇ.

ಈಗ ಆತ್ಮರಕ್ಷಣೆಯ ರಿವಾಲ್ವರಿಗೂ ಕ್ರೀಡೆಯ ರಿವಾಲ್ವರಿಗೂ ಇರುವ ಭೇದ ತಿಳಿಯುತ್ತದೆ. 2014ರಲ್ಲಿ ಮಹಿಳೆಯರಿಗಾಗಿ ಎಂದು ಕಾನ್ಪುರದಿಂದ ಹೊರಬಂದ 'ನಿರ್ಭೀಕ್' .32 ರಿವಾಲ್ವರ್ ಹಗುರವಾದದ್ದು, ಗಿಡ್ಡ ನಳಿಗೆಯದು. ಚೀಲದಲ್ಲಿಡಲು ಇದು ಅನುಕೂಲ, ಗುರಿಕಣಕ್ಕೆ ಅನನುಕೂಲ. ಕ್ರೀಡೆಗೆಂದೇ ಮಾಡಿದವು ಬೇರೆ: .38 ಸ್ಪೆಷಲ್ ಅಳತೆಯ ಸ್ಮಿತ್ ಅಂಡ್ ವೆಸನ್ ಮಾದರಿ 14, ಫ್ರಾನ್ಸಿನ ಮಾನೂರಿನ್ ಕಂಪನಿಯ .32 ಅಳತೆಯ ಎಂ.ಆರ್. 32 ಮ್ಯಾಚ್ ಮುಂತಾದವು. ಉದ್ದ ನಳಿಗೆ, ತಿರುಪಿನಿಂದ ಹೊಂದಿಸಬಹುದಾದ ಹಿಂದಿನ ಸೈಟ್, ಹೊಳೆಯದ ಕಪ್ಪು ಬಣ್ಣದ ಚೌಕ ಮುಂಸೈಟ್ ಇವುಗಳ ಗುರುತು.

.32 ಒಳ್ಳೆಯದೋ .38 ಒಳ್ಳೆಯದೋ?

ನಿಯಮ 7.62 ಮಿ.ಮೀ. ಯಿಂದ 9.65 ಮಿ.ಮೀ. ವರೆಗಿನ ಅಳತೆಗಳಿಗೆ ಅವಕಾಶ ಕೊಡುತ್ತದೆ. ದಪ್ಪ ಗುಂಡು ದೊಡ್ಡ ತೂತು ಮಾಡುತ್ತದೆ, ಗೆರೆ ಮುಟ್ಟಿ ಹೆಚ್ಚು ಅಂಕ ತರುತ್ತದೆ ಎಂದು ಕೆಲವರ ಎಣಿಕೆ. ಆದರೆ ಕಾಗದದ ಗುರಿಯಲ್ಲಿ ಸಂಶಯದ ತೂತನ್ನು ಅಳೆಯುವ ಅಳತೆಕಡ್ಡಿ ಎಲ್ಲರಿಗೂ ಒಂದೇ, 9.65 ಮಿ.ಮೀ. ದ್ದು. ಆದ್ದರಿಂದ ದಪ್ಪ ಗುಂಡಿಗೆ ಯಾವ ಲಾಭವೂ ಇಲ್ಲ. ಹಿಂದೊದೆತ ಮಾತ್ರ ಜಾಸ್ತಿ. .32 ಎಸ್ ಅಂಡ್ ಡಬ್ಲ್ಯು ಲಾಂಗ್ ತೋಟೆಯ ಹಿಂದೊದೆತ ಮೃದು. ನಮ್ಮ ದೇಶದಲ್ಲಿ ಪರವಾನಗಿಗೆ ಸಿಗುವ ಅಳತೆಯೂ ಅದೇ. 9 ಮಿ.ಮೀ. ನಂಥ ಕೆಲವು ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಎಂಬುದನ್ನು ಮರೆಯಬಾರದು.

ತೋಟೆಯಲ್ಲೂ ಆಯ್ಕೆ ಇದೆ. ಗುರಿಕಣಕ್ಕೆ ಬೇಕಾದದ್ದು ಮೂತಿ ಚಪ್ಪಟೆಯಾದ 'ವಾಡ್‌ಕಟರ್' ಗುಂಡು. ಇದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ. ದುಂಡು ಮೂತಿಯ ಗುಂಡು ಕಾಗದವನ್ನು ಸೀಳುವುದರಿಂದ ಅಂಕ ಎಣಿಸುವುದು ಕಷ್ಟ. ಒಂದೇ ತಯಾರಿಕೆಯ ತೋಟೆಗಳನ್ನು ಬಳಸಿ, ಬೆರಕೆ ಬೇಡ.

ಕೊಳ್ಳುವ ಮುನ್ನ ಪರೀಕ್ಷೆ

ವಿದೇಶಿ ಆಯುಧಗಳ ಆಮದಿಗೆ ನಿರ್ಬಂಧವಿರುವುದರಿಂದ ಹಲವರು ಹಳೆಯದನ್ನೇ ಕೊಳ್ಳುತ್ತಾರೆ. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮೊದಲು ಆಯುಧ ಖಾಲಿ ಇದೆಯೆಂದು ಇಬ್ಬರೂ ಕಣ್ಣಾರೆ ನೋಡಿದ ಮೇಲೆ ಈ ಪರೀಕ್ಷೆಗಳನ್ನು ಮಾಡಬೇಕು.

ಒಂದು, ಉರುಳೆಯ ಬಿಗಿ. ಹ್ಯಾಮರ್ ಎಳೆದು ನಿಲ್ಲಿಸಿದಾಗ ಉರುಳೆ ಎಡಕ್ಕೆ ಬಲಕ್ಕೆ ಹೆಚ್ಚು ಅಲುಗಬಾರದು. ಉರುಳೆಯ ಮನೆ ನಳಿಗೆಯ ನೇರಕ್ಕೆ ನಿಲ್ಲದಿದ್ದರೆ ಗುಂಡು ನಳಿಗೆಯ ಬಾಯಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಇದರಿಂದ ಗುರಿಯೂ ಕೆಡುತ್ತದೆ, ಪಕ್ಕದವರಿಗೂ ಅಪಾಯ.

ಎರಡು, ಟ್ರಿಗರ್, ಹಳಬರ ಮಾತಿನಲ್ಲಿ ಬಂದೂಕಿನ ಕುದುರೆ. ಸೆಂಟರ್ ಫೈರ್‌ನಲ್ಲಿ ಅದು ಕನಿಷ್ಠ 1,000 ಗ್ರಾಂ ಭಾರವನ್ನು ಬಿಡದೆ ಎತ್ತಬೇಕು. ಸ್ಪರ್ಧೆಯ ದಿನ ತೂಕದ ಗುಂಡು ನೇತುಹಾಕಿ ಪರೀಕ್ಷಿಸುತ್ತಾರೆ. ತೂಕಕ್ಕಿಂತ ಮುಖ್ಯವಾದದ್ದು ಅದು ಬಿಡುವ ರೀತಿ: ಎಳೆತವಿಲ್ಲದೆ, ತಡವರಿಸದೆ, ಪ್ರತಿ ಸಲವೂ ಒಂದೇ ತೆರನಾಗಿ ಬಿಡಬೇಕು. ಟ್ರಿಗರನ್ನು ತಾವೇ ಅರದಿಂದ ಉಜ್ಜಿ ಹಗುರ ಮಾಡಲು ಹೋಗಬೇಡಿ. ಹ್ಯಾಮರ್ ತಾನಾಗಿ ಜಾರಿ ಬೀಳುವ ಅಪಾಯವಿದೆ.

ಮೂರು, ಮನೆಮನೆಯ ಪರೀಕ್ಷೆ. ಉರುಳೆಯ ಪ್ರತಿ ಮನೆಗೂ ಗುರುತು ಹಾಕಿ, ಒಂದೊಂದರಿಂದಲೂ ಬೇರೆ ಬೇರೆ ಕಾಗದಕ್ಕೆ ಐದೈದು ಗುಂಡು ಹೊಡೆಯಬೇಕು. ಆರರಲ್ಲಿ ಒಂದು ಮನೆಯ ಗುಂಡುಗಳು ದೂರ ಚದುರುವುದುಂಟು. ಸ್ಪರ್ಧೆಯಲ್ಲಿ ಐದೇ ಗುಂಡು ತುಂಬುವುದರಿಂದ ಆ ಕೆಟ್ಟ ಮನೆಯನ್ನು ಖಾಲಿ ಬಿಟ್ಟರಾಯಿತು!

ನಾಲ್ಕು, ಹಿಡಿ. ಬೆಲೆಯಲ್ಲಿ ಕಡಿಮೆಯಾದರೂ ಅಂಕದಲ್ಲಿ ಹೆಚ್ಚು ವ್ಯತ್ಯಾಸ ಮಾಡುವ ಭಾಗ ಇದು. ಕಣ್ಣು ಮುಚ್ಚಿ ತೋಳು ಎತ್ತಿ, ಮತ್ತೆ ಕಣ್ಣು ತೆರೆದಾಗ ಎರಡು ಸೈಟ್‌ಗಳೂ ತಾವಾಗಿ ಸಾಲಿನಲ್ಲಿದ್ದರೆ ಹಿಡಿ ನಿಮ್ಮ ಕೈಗೆ ಒಪ್ಪಿದೆ ಎಂದರ್ಥ. ಮರದ ಹಿಡಿಯನ್ನು ಕೈಗೆ ತಕ್ಕಂತೆ ಕೆತ್ತಿಸಿಕೊಳ್ಳಬಹುದು. ಆದರೆ ಅದು ಮಣಿಕಟ್ಟಿಗೆ ಆಸರೆ ಕೊಡಬಾರದು.

ಕಣ್ಣು, ಕಿವಿ, ಕಾಲು

ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡನ್ನೂ ಹೊಡೆಯಬಾರದು. ಶಬ್ದದಿಂದ ಕೆಟ್ಟ ಕಿವಿ ಮತ್ತೆ ಸರಿಹೋಗುವುದಿಲ್ಲ. ಕಣ್ಣಿಗೆ ಗಟ್ಟಿ ಕನ್ನಡಕ ಬೇಕು. ಚಾಳೀಸಿನವರು ಕಣ್ಣಿನ ವೈದ್ಯರಿಗೆ "ತೋಳಿನ ಉದ್ದದಲ್ಲಿರುವ ಸೈಟ್ ಸ್ಪಷ್ಟವಾಗಿ ಕಾಣಬೇಕು" ಎಂದು ಬಿಡಿಸಿ ಹೇಳಿ ಗಾಜು ಬರೆಸಿಕೊಳ್ಳಬೇಕು. ಓದುವ ಕನ್ನಡಕವಾಗಲಿ ದೂರದ ಕನ್ನಡಕವಾಗಲಿ ಇದಕ್ಕೆ ಒದಗದು. ಪಾದರಕ್ಷೆ ಅಡಿ ಚಪ್ಪಟೆಯಾದದ್ದು, ಹರಡು ಮುಚ್ಚದ್ದು ಆಗಿರಬೇಕು. ಕೊಠಡಿ ಖಾಲಿ ಇದೆಯೆಂದು ತೋರಿಸುವ ಎದ್ದುಕಾಣುವ ಬಣ್ಣದ ಸುರಕ್ಷಾ ದಾರ ಅಥವಾ ಪಟ್ಟಿ ಪೆಟ್ಟಿಗೆಯಲ್ಲಿ ಇರಲೇಬೇಕು.

ಉಳಿದದ್ದೆಲ್ಲ ಆಮೇಲೆ. 2024ರಲ್ಲಿ ಪ್ಯಾರಿಸಿನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ಸಾಮಾನ್ಯ ಕನ್ನಡಕ ಧರಿಸಿ, ಒಂದು ಕೈ ಜೇಬಿನಲ್ಲಿಟ್ಟು ಮಿಶ್ರ ತಂಡದ ಬೆಳ್ಳಿ ಗೆದ್ದದ್ದನ್ನು ಜಗತ್ತೇ ನೋಡಿತು. ಅವರ ಬೆನ್ನಿಗೆ ಹಲವು ವರ್ಷಗಳ ಅಭ್ಯಾಸವಿತ್ತು. ಹಂಗರಿಯ ಕಾರೊಲಿ ಟಾಕಾಚ್ 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಕಳೆದುಕೊಂಡರು. ಎಡಗೈಯಲ್ಲಿ ಮೊದಲಿನಿಂದ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳೆರಡರಲ್ಲೂ ಚಿನ್ನ ಗೆದ್ದರು.

ಹಾಗೆಂದು ಸಲಕರಣೆಯನ್ನು ಕಡೆಗಣಿಸುವಂತಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ರಿಪೇರಿಯಲ್ಲಿ ಕಾಲು ಗಂಟೆಗೂ ಹೆಚ್ಚು ಸಮಯ ಕಳೆಯಿತು. ಅವರು 575 ಅಂಕ ಗಳಿಸಿ ಎರಡೇ ಅಂಕದಿಂದ ಫೈನಲ್ ತಪ್ಪಿಸಿಕೊಂಡರು. ಸವೆಯುವ ಬಿಡಿಭಾಗಗಳು, ತಿರುಪುಗಳು, ತಿರುಪುಳಿ ಪೆಟ್ಟಿಗೆಯಲ್ಲಿರಲಿ. ಸ್ಪರ್ಧೆಗೆ ಮುನ್ನ ತಪಾಸಣೆ ಮಾಡಿಸುವುದು ಒಳ್ಳೆಯದು.

ಕಾನೂನು ಮತ್ತು ಮನೆಯ ಎಚ್ಚರ

1959ರ ಆಯುಧ ಕಾಯ್ದೆಯಂತೆ ರಿವಾಲ್ವರಿಗೆ ಪರವಾನಗಿ ಬೇಕೇಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮಕ್ಕೆ ಒಳಪಟ್ಟು ಕ್ಲಬ್ಬಿನ ತರಬೇತಿಯಲ್ಲಿ ಮಾತ್ರ ಬಳಸಬಹುದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ಸಾಮಾನ್ಯ ನಾಗರಿಕರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಕ್ರೀಡಾಪಟುಗಳಿಗೆ ಪ್ರತ್ಯೇಕ ಅವಕಾಶಗಳಿವೆ. ರಾಜ್ಯದ ಶೂಟಿಂಗ್ ಸಂಸ್ಥೆಯ ಸದಸ್ಯತ್ವ ಪಡೆದು, ಅವರ ಮೂಲಕವೇ ಮುಂದುವರಿಯುವುದು ಕ್ಷೇಮ.

ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಬೇಕು. ಎರಡರ ಬೀಗದ ಕೈಯೂ ಮಕ್ಕಳ ಕೈಗೆ ಎಟುಕಬಾರದು. ಖಾಲಿ ಇದೆಯೆಂದು ಗೊತ್ತಿದ್ದರೂ ಮೂತಿಯನ್ನು ಯಾರತ್ತಲೂ ತಿರುಗಿಸಬಾರದು. ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಬೇಕು; ಸೀಸ ವಿಷ.

ಹೊಸಬರಿಗೆ ಒಂದು ಕ್ರಮ

ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಕ್ಲಬ್ಬಿನ ಏರ್ ಪಿಸ್ತೂಲಿನಲ್ಲಿ ನಿಲುವು, ಉಸಿರು, ಟ್ರಿಗರ್ ಕಲಿಯಿರಿ. ಅದರ ಟ್ರಿಗರ್ ಕನಿಷ್ಠ 500 ಗ್ರಾಂ, ಹತ್ತಂಕದ ವೃತ್ತ 11.5 ಮಿ.ಮೀ.; ಅಲ್ಲಿ ಪಳಗಿದ ಕೈ ಬೇರೆಡೆ ಸೋಲದು. ಮೊದಲ ಖರೀದಿ ಕಿವಿಕವಚ ಮತ್ತು ಕನ್ನಡಕವಾಗಲಿ. ಅಂಕ ಒಂದು ಮಟ್ಟದಲ್ಲಿ ನಿಂತ ಮೇಲೆ ಸ್ವಂತ ಏರ್ ಪಿಸ್ತೂಲು. ಪರವಾನಗಿ, ಗುರು, ಗುರಿಕಣ ಮೂರೂ ಕೈಗೂಡಿದಾಗ ರಿವಾಲ್ವರ್. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಹಣ ಕೊಡುವ ಮೊದಲು ಒಕ್ಕೂಟದ ಹೊಸ ನಿಯಮ ಪುಸ್ತಕದೊಡನೆ ಅಳತೆಗಳನ್ನು ತಾಳೆ ನೋಡಿ. ಆಯುಧಕ್ಕೆ ಒಂದು ಲಕ್ಷ ಸುರಿದು ತೋಟೆಗೆ, ತರಬೇತಿಗೆ ಹಣವಿಲ್ಲದಂತಾಗುವುದಕ್ಕಿಂತ, ಸಾಧಾರಣ ಆಯುಧದಲ್ಲಿ ಸಾವಿರಾರು ಸುತ್ತು ಹೊಡೆದವರೇ ಮುಂದೆ ಬರುತ್ತಾರೆ.