ಹಲ್ಲು ಹೇಳುವ ವಯಸ್ಸು

ದನಗಳ ಜಾತ್ರೆಯಲ್ಲಿ ರೈತನು ಎತ್ತನ್ನು ಕೊಳ್ಳುವ ಮುನ್ನ ಅದರ ಬಾಯಿ ಬಿಡಿಸಿ ಹಲ್ಲು ನೋಡುವುದನ್ನು ನಾವು ಬಲ್ಲೆವು. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನ ಹೋರಿ, ಬಾಯಿಗೂಡಿದ ಎತ್ತು ಎಂಬುವೆಲ್ಲ ಪ್ರಾಯವನ್ನು ಸೂಚಿಸುವ ಮಾತುಗಳೇ. ಮನುಷ್ಯನ ವಯಸ್ಸನ್ನೂ ಹೀಗೆ ಹಲ್ಲಿನಿಂದ ತಿಳಿಯಬಹುದೆ?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಒಂಬತ್ತು ವರ್ಷ ತುಂಬದ ಮಕ್ಕಳನ್ನು ಬಹುತೇಕ ಬಟ್ಟೆಗಿರಣಿಗಳಲ್ಲಿ ದುಡಿಸಕೂಡದೆಂದು 1833ರಲ್ಲಿ ಇಂಗ್ಲೆಂಡಿನ ಶಾಸನವೊಂದು ವಿಧಿಸಿತು. ಆದರೆ ಜನನದ ದಾಖಲೆಯೇ ಇಲ್ಲದ ಮಗುವಿನ ವಯಸ್ಸಿಗೆ ಸಾಕ್ಷಿ ಯಾವುದು? ಎತ್ತರವನ್ನು ಅಳೆಯುವುದಕ್ಕಿಂತ ಹಲ್ಲನ್ನು ನೋಡುವುದೇ ಮೇಲೆಂದು ದಂತವೈದ್ಯ ಎಡ್ವಿನ್ ಸಾಂಡರ್ಸ್ ಸುಮಾರು ಒಂದು ಸಾವಿರ ಮಕ್ಕಳನ್ನು ಪರೀಕ್ಷಿಸಿ 1837ರಲ್ಲಿ ಸಾರಿದನು. ಆದರೆ ಆತನಿಗೆ ಕಾಣುತ್ತಿದ್ದುದು ವಸಡಿನಿಂದ ಹೊರಬಂದ ಹಲ್ಲು ಮಾತ್ರ. ಒಳಗಿನ ಕಥೆಯನ್ನು ತೋರಿಸಿದುದು, 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣ. ಮರುವರ್ಷದ ಜನವರಿಯಲ್ಲಿಯೇ ಜರ್ಮನಿಯ ಆಟೋ ವಾಲ್ಕಾಫ್ ಈ ಕಿರಣಗಳಿಂದ ತನ್ನ ಹಲ್ಲುಗಳ ಚಿತ್ರವನ್ನು ತೆಗೆಸಿಕೊಂಡನು. ಅದಕ್ಕಾಗಿ 25 ನಿಮಿಷಗಳ ಕಾಲ ಕಿರಣಕ್ಕೆ ಮುಖವೊಡ್ಡಬೇಕಾಯಿತು!

ಈಗ ಆರು ವರ್ಷದ ಮಗುವಿನ ದವಡೆಯ ಪಟವನ್ನು ನೋಡೋಣ. ಹಾಲುಹಲ್ಲುಗಳ ಬೇರಿನ ಬಳಿ ಶಾಶ್ವತ ಹಲ್ಲುಗಳು ಮೊಗ್ಗುಗಳಂತೆ ಅಡಗಿರುತ್ತವೆ. ಪ್ರತಿಯೊಂದು ಹಲ್ಲಿನಲ್ಲಿಯೂ ಮೊದಲು ತಲೆ ಮೂಡಿ, ಅನಂತರ ಬೇರು ಇಳಿದು, ಆಲಿಕೆಯಂತೆ ತೆರೆದಿದ್ದ ಬೇರಿನ ತುದಿ ಕಟ್ಟಕಡೆಗೆ ಮುಚ್ಚಿಕೊಳ್ಳುತ್ತದೆ. ಕೆನಡದ ಡೆಮಿರ್ಜಿಯನ್ ಮತ್ತು ಸಂಗಡಿಗರು 1973ರಲ್ಲಿ ಈ ಬೆಳವಣಿಗೆಯನ್ನು ಎಂಟು ಹಂತಗಳಾಗಿ ವಿಂಗಡಿಸಿ, ಕೆಳದವಡೆಯ ಎಡಬದಿಯ ಏಳು ಹಲ್ಲುಗಳಿಂದ ವಯಸ್ಸನ್ನು ಅಂದಾಜುಮಾಡುವ ಕ್ರಮವನ್ನು ಪ್ರಕಟಿಸಿದರು.

ಬೆಳವಣಿಗೆ ಮುಗಿದ ಮೇಲೆ ಕುರುಹುಗಳು ಬೇರೆಯಾಗುತ್ತವೆ. ಹಲ್ಲಿನೊಳಗೆ ಡೆಂಟೀನ್ ಎಂಬ ಗಟ್ಟಿ ವಸ್ತು ವರ್ಷದಿಂದ ವರ್ಷಕ್ಕೆ ಸಂಚಯವಾಗುವುದರಿಂದ, ಪಟದಲ್ಲಿ ಕಪ್ಪಗೆ ಕಾಣುವ ಮಜ್ಜೆಯ ಕೋಣೆ ಕಿರಿದಾಗುತ್ತ ಹೋಗುತ್ತದೆ. ಹಲ್ಲುಗಳು ಉದುರಿದರಂತೂ ಅವುಗಳಿಗೆ ಆಧಾರವಾಗಿದ್ದ ಎಲುಬು ಕರಗುತ್ತದೆ. ಗದ್ದದ ನರವು ಹೊರಬೀಳುವ ರಂಧ್ರವು ತಾನು ಕದಲದಿದ್ದರೂ, ಮೇಲಿನ ಎಲುಬು ಸವೆದ ಕಾರಣ ದವಡೆಯ ಮೇಲಂಚಿಗೆ ಸರಿದಂತೆ ತೋರುತ್ತದೆ. ಇಲ್ಲಿ ನಾವು ಎಚ್ಚರ ವಹಿಸಬೇಕು. ಇದು ಮುಖ್ಯವಾಗಿ ಹಲ್ಲು ಕಳೆದುಕೊಂಡುದರ ಫಲವೇ ಹೊರತು ಮುಪ್ಪಿನ ಫಲವಲ್ಲ. ನಲವತ್ತರಲ್ಲಿಯೇ ಹಲ್ಲುಗಳನ್ನು ಕಳೆದುಕೊಂಡವನ ದವಡೆ ಮುದುಕನದರಂತೆ ಕಾಣಬಹುದು; ಹಲ್ಲುಗಳನ್ನು ಜೋಪಾನಮಾಡಿದ ಎಪ್ಪತ್ತರ ವೃದ್ಧನ ಎಲುಬು ಬಹುಮಟ್ಟಿಗೆ ಉಳಿದಿರಬಹುದು.

ಹದಿನೆಂಟರ ಆಸುಪಾಸಿನಲ್ಲಿ ತೊಡಕು ಇನ್ನೂ ಹೆಚ್ಚು. ಉಳಿದ ಹಲ್ಲುಗಳ ಬೆಳವಣಿಗೆ ಆ ವೇಳೆಗೆ ಮುಗಿದಿರುವುದರಿಂದ ಬುದ್ಧಿಹಲ್ಲೊಂದೇ ಆಸರೆ. ಅದಾದರೋ ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ಬಲಿಯುತ್ತದೆ, ಕೆಲವರಿಗೆ ಹುಟ್ಟುವುದೇ ಇಲ್ಲ. ಆರೋಪಿಯೊಬ್ಬನನ್ನು ಬಾಲಕನೆನ್ನಬೇಕೋ ವಯಸ್ಕನೆನ್ನಬೇಕೋ ಎಂಬುದು ಒಂದೆರಡು ವರ್ಷಗಳ ಅಂತರದ ಮೇಲೆ ನಿಂತಿರುವಾಗ, ಇಂತಹ ಅಂದಾಜೊಂದನ್ನೇ ನಂಬುವುದು ಹೇಗೆ? ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯು ಶಾಲೆಯ ಹಾಗೂ ಜನನದ ದಾಖಲೆಗಳನ್ನು ಮೊದಲು ಕೇಳುತ್ತದೆ; ಅವು ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆಗೆ ಎಡೆಗೊಡುತ್ತದೆ. ಕ್ಷ-ಕಿರಣದ ಪಟವು ನಮಗೆ ಬೆಳವಣಿಗೆಯ ಹಂತವನ್ನು ತೋರಿಸಬಲ್ಲದು; ಹುಟ್ಟಿದ ದಿನವನ್ನು ತೋರಿಸಲಾರದು.